ತೂಕ ಇಳಿಸುವ ಚುಚ್ಚುಮದ್ದು: ಲಾಭ, ವೆಚ್ಚ ಮತ್ತು ಎಚ್ಚರಿಕೆ

ಸಣ್ಣ ವ್ಯಾಪಾರ ಮತ್ತು ಸಣ್ಣ ಕೈಗಾರಿಕೆಗಳಲ್ಲಿ ಮಾಲೀಕರ ಆರೋಗ್ಯವೇ ಮೊದಲ ಬಂಡವಾಳ. ಯಂತ್ರ ಕೆಟ್ಟರೆ ದುರಸ್ತಿ ಮಾಡಿಸಬಹುದು. ಬಾಕಿ ಉಳಿದರೆ ವಸೂಲಿಗೆ ದಾರಿಯುಂಟು. ಆದರೆ ಖರೀದಿ, ಬ್ಯಾಂಕು, ತೆರಿಗೆ, ಗಿರಾಕಿ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಸಂಸ್ಥೆಯಲ್ಲಿ ಆ ಒಬ್ಬರು ಹೃದಯಾಘಾತಕ್ಕೆ ತುತ್ತಾಗಿ ಹಾಸಿಗೆ ಹಿಡಿದರೆ ಇಡೀ ವಹಿವಾಟು ಸ್ತಬ್ಧವಾಗುತ್ತದೆ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವುದು, ಹೊತ್ತು ಮೀರಿದ ಊಟ, ಗಿರಾಕಿಗಳೊಡನೆ ಮತ್ತೆ ಮತ್ತೆ ಸಕ್ಕರೆ ಬೆರೆತ ಚಹಾ, ಅಂಗಡಿ ಮುಚ್ಚಿದ ಮೇಲೆ ರಾತ್ರಿಯ ಭಾರಿ ಭೋಜನ, ಇವೆಲ್ಲ ಬೊಜ್ಜಿಗೆ ಆಹ್ವಾನವೀಯುವ ಅಭ್ಯಾಸಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದೂ, 25.4 ಕೋಟಿ ಜನರಲ್ಲಿ ಸ್ಥೂಲಕಾಯವಿದೆ ಎಂದೂ, 35.1 ಕೋಟಿ ಜನರಲ್ಲಿ ಹೊಟ್ಟೆಯ ಸುತ್ತ ಬೊಜ್ಜು ಶೇಖರವಾಗಿದೆ ಎಂದೂ ಅಂದಾಜು ಮಾಡಿತು. ಈ ಹಿನ್ನೆಲೆಯಲ್ಲಿ, ವೈದ್ಯರ ಚೀಟಿಯ ಮೇಲೆ ಮಾತ್ರ ದೊರೆಯುವ ತೂಕ ಇಳಿಸುವ ಚುಚ್ಚುಮದ್ದುಗಳ ಬಗ್ಗೆ ವರ್ತಕ ವಲಯದಲ್ಲಿಯೂ ಕುತೂಹಲ ಮೂಡಿರುವುದು ಸಹಜ. ಅವುಗಳ ಪ್ರಯೋಜನವೆಷ್ಟು, ಮಿತಿ ಏನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಅಗತ್ಯ.

ಔಷಧಿ ಕೆಲಸ ಮಾಡುವ ಬಗೆ

ಊಟ ಮಾಡಿದ ಕೂಡಲೇ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಬರುವಂತೆ ಪ್ರಚೋದಿಸುತ್ತದೆ. ಜಠರದಿಂದ ಆಹಾರ ಮುಂದೆ ಸಾಗುವ ವೇಗವನ್ನು ತಗ್ಗಿಸುತ್ತದೆ. ಹೊಟ್ಟೆ ತುಂಬಿತೆಂಬ ಸಂದೇಶವನ್ನು ಮೆದುಳಿಗೆ ಮುಟ್ಟಿಸುತ್ತದೆ. ಆದರೆ ಈ ಸಹಜ ಹಾರ್ಮೋನು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅದರಂತೆಯೇ ವರ್ತಿಸಿ ಬಹುಕಾಲ ಉಳಿಯುವ ವಸ್ತುವನ್ನು ಹುಡುಕುವುದೇ ವಿಜ್ಞಾನಿಗಳ ಮುಂದಿದ್ದ ಸವಾಲಾಗಿತ್ತು. ಅಮೆರಿಕದ ವೈದ್ಯ ವಿಜ್ಞಾನಿ ಜಾನ್ ಎಂಗ್ ಅವರು ಗಿಲಾ ಮಾನ್‌ಸ್ಟರ್ ಎಂಬ ವಿಷಯುಕ್ತ ಹಲ್ಲಿಯ ವಿಷದಲ್ಲಿ ಅಂತಹ ವಸ್ತುವೊಂದನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಅದರ ಆಧಾರದ ಮೇಲೆ ತಯಾರಾದ ಎಕ್ಸೆನಟೈಡ್ ಎಂಬ ಮಧುಮೇಹದ ಚುಚ್ಚುಮದ್ದಿಗೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಮಧುಮೇಹಕ್ಕೆಂದು ಬಂದ ಈ ವರ್ಗದ ಔಷಧಿಗಳು ತೂಕವನ್ನೂ ಇಳಿಸುತ್ತವೆ ಎಂಬುದು ಸ್ಪಷ್ಟವಾದಂತೆ ಬೊಜ್ಜಿನ ಚಿಕಿತ್ಸೆಗೂ ಅವು ಬಳಕೆಗೆ ಬಂದವು. ದಿನಕ್ಕೊಮ್ಮೆ ತೆಗೆದುಕೊಳ್ಳುವ ಲಿರಾಗ್ಲುಟೈಡ್‌ಗೆ 2014ರಲ್ಲಿ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಸೆಮಾಗ್ಲುಟೈಡ್‌ಗೆ 2021ರಲ್ಲಿ, ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಸೇರಿಸಿಕೊಂಡ ಟಿರ್ಜೆಪಟೈಡ್‌ಗೆ 2023ರಲ್ಲಿ ಅಮೆರಿಕ ತೂಕ ಇಳಿಕೆಗೆಂದು ಅನುಮತಿ ನೀಡಿತು. ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಎಲಿ ಲಿಲ್ಲಿ ಕಂಪನಿಯ ಮೌಂಜಾರೊ (ಟಿರ್ಜೆಪಟೈಡ್), ಜೂನ್‌ನಲ್ಲಿ ನೋವೊ ನಾರ್ಡಿಸ್ಕ್ ಕಂಪನಿಯ ವೆಗೋವಿ (ಸೆಮಾಗ್ಲುಟೈಡ್) ಮಾರುಕಟ್ಟೆಗೆ ಬಂದವು.

ಪ್ರಯೋಜನಗಳು

ಸೆಮಾಗ್ಲುಟೈಡ್ ಕುರಿತು 1,961 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 68 ವಾರಗಳ ನಂತರ ಔಷಧಿ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದಿತ್ತು, ಔಷಧಿಯಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿಕೆ ಶೇಕಡಾ 2.4 ಮಾತ್ರ. ಎರಡೂ ಗುಂಪಿನವರಿಗೆ ಆಹಾರ ಮತ್ತು ವ್ಯಾಯಾಮದ ಸಲಹೆ ಇದ್ದೇ ಇತ್ತು. ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ ಪಡೆದವರಲ್ಲಿ 72 ವಾರಗಳಲ್ಲಿ ಸರಾಸರಿ ಶೇಕಡಾ 20.9ರಷ್ಟು ಇಳಿಕೆ ಕಂಡುಬಂದಿತು.

ಆದರೆ ತೂಕದ ಯಂತ್ರ ತೋರಿಸುವ ಸಂಖ್ಯೆಗಿಂತ ಮುಖ್ಯವಾದುದು ರೋಗಗಳ ತಡೆ. 2023ರಲ್ಲಿ ಪ್ರಕಟವಾದ ಬೃಹತ್ ಪರೀಕ್ಷೆಯೊಂದರಲ್ಲಿ, ಮಧುಮೇಹವಿಲ್ಲದ, ಆದರೆ ಅದಾಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆಯಿದ್ದ 17,604 ಸ್ಥೂಲಕಾಯರನ್ನು ಮೂರು ವರ್ಷಕ್ಕೂ ಮಿಕ್ಕಿ ಗಮನಿಸಲಾಯಿತು. ಹೃದಯ ಸಂಬಂಧಿ ಮರಣ, ಹೃದಯಾಘಾತ ಅಥವಾ ಪಾರ್ಶ್ವವಾಯು ಸೆಮಾಗ್ಲುಟೈಡ್ ಪಡೆಯದವರಲ್ಲಿ ಶೇಕಡಾ 8ರಷ್ಟು ಮಂದಿಗೆ ಸಂಭವಿಸಿದರೆ, ಪಡೆದವರಲ್ಲಿ ಶೇಕಡಾ 6.5ರಷ್ಟು ಮಂದಿಗೆ ಸಂಭವಿಸಿತು. ಇದನ್ನೇ “ಶೇಕಡಾ 20ರಷ್ಟು ಅಪಾಯ ಕಡಿಮೆ” ಎಂದು ಪ್ರಚಾರ ಮಾಡಲಾಗುತ್ತದೆ. ಲೆಕ್ಕ ತಪ್ಪಲ್ಲ, ಆದರೆ ಇಂತಹ 100 ರೋಗಿಗಳಲ್ಲಿ ಆ ಅವಧಿಯಲ್ಲಿ ಒಬ್ಬಿಬ್ಬರು ಅಪಾಯದಿಂದ ಪಾರಾದರು ಎಂಬುದು ಅದರ ನೇರ ಅರ್ಥ. ಅಪಾಯ ಹೆಚ್ಚಾಗಿರುವವರಿಗೆ ಲಾಭವೂ ಹೆಚ್ಚು ಎಂಬುದನ್ನು ಇದರಿಂದ ತಿಳಿಯಬಹುದು.

ಮಧುಮೇಹದೊಡನೆ ಮೂತ್ರಪಿಂಡದ ಕಾಯಿಲೆಯೂ ಇದ್ದವರಲ್ಲಿ ಸೆಮಾಗ್ಲುಟೈಡ್ ಗಂಭೀರ ಮೂತ್ರಪಿಂಡ ಹಾನಿ ಮತ್ತು ಮೂತ್ರಪಿಂಡ ಅಥವಾ ಹೃದಯ ಸಂಬಂಧಿ ಮರಣದ ಒಟ್ಟು ಅಪಾಯವನ್ನು ಶೇಕಡಾ 24ರಷ್ಟು ತಗ್ಗಿಸಿದುದು 2024ರಲ್ಲಿ ವರದಿಯಾಯಿತು. ಮಧುಮೇಹದ ಅಂಚಿನಲ್ಲಿದ್ದ ಸ್ಥೂಲಕಾಯರಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಟಿರ್ಜೆಪಟೈಡ್ ಪಡೆದವರ ಪೈಕಿ ಶೇಕಡಾ 1.3 ಮಂದಿ ಮಾತ್ರ ಮಧುಮೇಹಿಗಳಾದರು. ಪಡೆಯದವರಲ್ಲಿ ಆ ಪ್ರಮಾಣ ಶೇಕಡಾ 13.3. ಮೊಣಕಾಲಿನ ಸವೆತದ ನೋವು, ಯಕೃತ್ತಿನಲ್ಲಿ ಕೊಬ್ಬು ತುಂಬುವುದರಿಂದಾಗುವ ಉರಿಯೂತ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇವುಗಳಲ್ಲಿಯೂ ಉಪಶಮನ ಕಂಡುಬಂದಿದೆ. ಕೊನೆಯ ತೊಂದರೆಯಿರುವವರು ಹಗಲಿನಲ್ಲಿ ತೂಕಡಿಸುತ್ತಾರಾದ್ದರಿಂದ, ಲಾರಿ ಓಡಿಸುವವರ ಮತ್ತು ಯಂತ್ರಗಳ ಬಳಿ ದುಡಿಯುವವರ ಸುರಕ್ಷತೆಯ ದೃಷ್ಟಿಯಿಂದ ಇದು ಗಮನಾರ್ಹ.

ಯಾರಿಗೆ ಸೂಕ್ತ, ಯಾರಿಗೆ ಸಲ್ಲದು?

ಕಿಲೋಗ್ರಾಂನಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ದೇಹ ತೂಕ ಸೂಚ್ಯಂಕ ದೊರೆಯುತ್ತದೆ. ಇದು 30 ಅಥವಾ ಅದಕ್ಕಿಂತ ಹೆಚ್ಚಿರುವ ವಯಸ್ಕರಿಗೆ, ಇಲ್ಲವೇ 27 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ರಕ್ತದೊತ್ತಡ, ಮಧುಮೇಹದಂತಹ ಕಾಯಿಲೆಯಿರುವವರಿಗೆ ಈ ಔಷಧಿಗಳು ಉದ್ದೇಶಿತವಾಗಿವೆ. ಮದುವೆ ಸಮಾರಂಭಕ್ಕೆ ಮೂರ್ನಾಲ್ಕು ಕಿಲೋ ಇಳಿಸಿಕೊಳ್ಳಬೇಕೆನ್ನುವವರಿಗಾಗಿ ಇವು ತಯಾರಾದವುಗಳಲ್ಲ.

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಇವು ಸಾಮಾನ್ಯ ಅಡ್ಡಪರಿಣಾಮಗಳು. ಪ್ರಮಾಣವನ್ನು ಹಂತಹಂತವಾಗಿ ಏರಿಸುವುದು ಇದೇ ಕಾರಣಕ್ಕೆ. ಪಿತ್ತಕೋಶದಲ್ಲಿ ಕಲ್ಲು, ಅಪರೂಪವಾಗಿ ಮೇದೋಜೀರಕ ಗ್ರಂಥಿಯ ಊತ ಕಾಣಿಸಿಕೊಳ್ಳಬಹುದು. ಇನ್ಸುಲಿನ್ ಪಡೆಯುತ್ತಿರುವವರಲ್ಲಿ ರಕ್ತದ ಸಕ್ಕರೆ ತೀರ ಇಳಿಯುವ ಸಂಭವವಿದೆ. ಗರ್ಭಿಣಿಯರು, ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನ ಕೌಟುಂಬಿಕ ಹಿನ್ನೆಲೆಯುಳ್ಳವರು ಇವನ್ನು ಬಳಸಬಾರದು. ಕೊಬ್ಬಿನೊಡನೆ ಸ್ನಾಯುವೂ ಕರಗುವುದರಿಂದ ಬೇಳೆಕಾಳು, ಹಾಲು, ಮೊಟ್ಟೆಯಂತಹ ಪ್ರೋಟೀನ್ ಆಹಾರ ಮತ್ತು ಭಾರ ಎತ್ತುವ ವ್ಯಾಯಾಮ ಅನಿವಾರ್ಯ.

ವೆಚ್ಚದ ಲೆಕ್ಕಾಚಾರ

ಮೌಂಜಾರೊ ಬಿಡುಗಡೆಯಾದಾಗ 2.5 ಮಿಲಿಗ್ರಾಂ ಬಾಟಲಿಗೆ 3,500 ರೂಪಾಯಿ, 5 ಮಿಲಿಗ್ರಾಂಗೆ 4,375 ರೂಪಾಯಿ ಬೆಲೆಯಿತ್ತು. ವಾರಕ್ಕೊಂದರಂತೆ ತಿಂಗಳಿಗೆ 14,000ದಿಂದ 17,500 ರೂಪಾಯಿಗಳಾಗುತ್ತವೆ. 2025ರ ನವೆಂಬರ್‌ನಲ್ಲಿ ವೆಗೋವಿಯ ಬೆಲೆಯನ್ನು ಶೇಕಡಾ 37ರವರೆಗೆ ಇಳಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಔಷಧಿಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ಪೇಟೆಂಟ್ ಮುಗಿದ ಔಷಧಿಯನ್ನು ಬೇರೆ ಕಂಪನಿಗಳೂ ತಯಾರಿಸಬಹುದಾದ್ದರಿಂದ ಸ್ಪರ್ಧೆ ಬೆಲೆಯನ್ನು ತಗ್ಗಿಸುತ್ತದೆ. ಈ ಕ್ಷೇತ್ರದಲ್ಲಿ ಕರ್ನಾಟಕದ ಪಾತ್ರವೂ ಇದೆ: ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಲಿರಾಗ್ಲುಟೈಡ್‌ಗೆ 2024ರಲ್ಲಿ ಬ್ರಿಟನ್ನಿನ ಅನುಮತಿ ದೊರೆಯಿತು.

ಇಲ್ಲಿ ಮರೆಯಬಾರದ ಅಂಶವೆಂದರೆ ಇದು ಒಮ್ಮೆ ಮಾಡಿ ಮುಗಿಸುವ ಖರ್ಚಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿ ಬಂದುದನ್ನು ಪರೀಕ್ಷೆಯೊಂದು ತೋರಿಸಿದೆ. ಆದುದರಿಂದ ಮೊದಲ ತಿಂಗಳ ಬೆಲೆಯನ್ನಲ್ಲ, ವರ್ಷಾನುವರ್ಷದ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೌಕರರಿಗೆ ಸಮೂಹ ಆರೋಗ್ಯ ವಿಮೆ ಮಾಡಿಸಿರುವ ಸಂಸ್ಥೆಗಳು, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಇಂತಹ ಔಷಧಿಗೆ ಪಾಲಿಸಿಯಲ್ಲಿ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸುವುದು ಲೇಸು.

ನಕಲಿ ಮಾಲಿನ ಬಗ್ಗೆ ಎಚ್ಚರ

ಬೇಡಿಕೆ ಇರುವೆಡೆ ನಕಲಿ ಮಾಲು ತಲೆಯೆತ್ತುತ್ತದೆ ಎಂಬುದು ವರ್ತಕರಿಗೆ ಹೇಳಬೇಕಾದ ಮಾತಲ್ಲ. ಬ್ರೆಜಿಲ್, ಬ್ರಿಟನ್ ಮತ್ತು ಅಮೆರಿಕಗಳಲ್ಲಿ 2023ರಲ್ಲಿ ನಕಲಿ ಸೆಮಾಗ್ಲುಟೈಡ್ ಪತ್ತೆಯಾದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ನೀಡಿತು. ಬಳಕೆಗೆ ಮುನ್ನ ಈ ಔಷಧಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಬಳಸಬಾರದು. ಪರವಾನಗಿಯುಳ್ಳ ಅಂಗಡಿಯಲ್ಲಿ ಬಿಲ್ಲಿನೊಡನೆ ಕೊಂಡು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ವಯಸ್ಕರ ಸ್ಥೂಲಕಾಯಕ್ಕೆ ಈ ಔಷಧಿಗಳ ದೀರ್ಘಕಾಲಿಕ ಬಳಕೆಯನ್ನು ಷರತ್ತುಬದ್ಧವಾಗಿ ಒಪ್ಪಿದೆ. ಆಹಾರ ಮತ್ತು ವ್ಯಾಯಾಮದ ಶಿಸ್ತು ಜೊತೆಗಿರಬೇಕೆಂದೂ ಹೇಳಿದೆ. ವರ್ಷಕ್ಕೊಮ್ಮೆ ಲೆಕ್ಕಪತ್ರಗಳ ತಪಾಸಣೆ ನಡೆಯುವಂತೆ ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದ ಸಕ್ಕರೆಗಳ ತಪಾಸಣೆಯೂ ನಡೆಯಲಿ. ಆ ವರದಿಯನ್ನು ಹಿಡಿದು ವೈದ್ಯರನ್ನು ಕಂಡಾಗಲೇ ಚುಚ್ಚುಮದ್ದು ಬೇಕೇ ಬೇಡವೇ ಎಂಬುದು ನಿರ್ಧಾರವಾಗಬೇಕು.