ಬಂಧಿತರ ಮುಖಕ್ಕೆ ಹಿಡಿದ ಬೆಳಕು

ಅಮೆರಿಕದಲ್ಲಿ ಜನವರಿ ತಿಂಗಳು ಮಾನವ ಕಳ್ಳಸಾಗಣೆ ತಡೆಗೆ ಮೀಸಲು. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಸಹಾಯವಾಣಿಯ ಭಿತ್ತಿಪತ್ರ ಅಂಟಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ವರ್ಷಗಳಿಂದ ಅವುಗಳನ್ನು ನೋಡುತ್ತ ಬಂದಿದ್ದರೂ, ಆ ಅಕ್ಷರಗಳ ಹಿಂದಿನ ಮನುಷ್ಯರನ್ನು ನನಗೆ ಕಾಣಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಛಾಯಾಗ್ರಾಹಕಿ ಲೀಸಾ ಕ್ರಿಸ್ಟೀನ್ ಅವರ ಚಿತ್ರಗಳು.

2009ರಲ್ಲಿ ವ್ಯಾಂಕೂವರ್‌ನ ಶಾಂತಿ ಸಮಾವೇಶದಲ್ಲಿ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದ ಅವರಿಗೆ ಅಲ್ಲಿ 'ಫ್ರೀ ದ ಸ್ಲೇವ್ಸ್' ಸಂಸ್ಥೆಯ ಪರಿಚಯವಾಯಿತು. ಆಮೇಲೆ ಅವರ ಕ್ಯಾಮೆರಾ ಘಾನಾದ ಗಣಿಗಳಿಗೆ, ಬಲೆ ಬಿಡಿಸುವ ಮಕ್ಕಳಿರುವ ವೋಲ್ಟಾ ಸರೋವರಕ್ಕೆ, ನೇಪಾಳದ ಗುಡ್ಡಗಳಿಗೆ ಹೋಯಿತು. ಅಲ್ಲಿ ತಮ್ಮ ಮೈತೂಕಕ್ಕಿಂತ ಭಾರವಾದ ಕಲ್ಲು ಹೊತ್ತು ಇಳಿಯುವ ಮಕ್ಕಳಿದ್ದರು. ನಮ್ಮ ದೇಶದ ಇಟ್ಟಿಗೆ ಭಟ್ಟಿಗಳೂ ಅವರ ಚಿತ್ರಗಳಲ್ಲಿವೆ; ಧೂಳು ಮೆತ್ತಿದ ಇಡೀ ಕುಟುಂಬಗಳು ತಲೆಯ ಮೇಲೆ ಇಟ್ಟಿಗೆ ಪೇರಿಸಿಕೊಂಡು ನಡೆಯುತ್ತವೆ. 1976ರಲ್ಲೇ ಜೀತವನ್ನು ಕಾನೂನು ನಿಷೇಧಿಸಿದ ನಾಡಿನವನಾದ ನಾನು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತೆ.

ಅಪಾಯವಿಲ್ಲದ ಕಡೆಗಳಲ್ಲಿ ಅವರು ಆ ಜನರ ಕೈಗೆ ಉರಿಯುವ ಮೇಣದಬತ್ತಿ ಕೊಟ್ಟು ಚಿತ್ರ ತೆಗೆದರು. ನಿಮ್ಮ ಬದುಕಿನ ಮೇಲೆ ಬೆಳಕು ಚೆಲ್ಲುತ್ತೇನೆ ಎಂಬುದನ್ನು ದುಭಾಷಿಯ ಮೂಲಕ ಮೊದಲೇ ತಿಳಿಸಿದ್ದರು. ಕನಿಕರಕ್ಕೂ ಕರುಣೆಗೂ ನಡುವಿನ ಗೆರೆ ಇಲ್ಲಿದೆ: ಕನಿಕರ ಮೇಲಿನಿಂದ ನೋಡುತ್ತದೆ, ಕರುಣೆ ಒಪ್ಪಿಗೆ ಕೇಳುತ್ತದೆ.

ಈ ದಾರಿ ಹೊಸದಲ್ಲ. 1908ರಿಂದ ಲೂಯಿಸ್ ಹೈನ್ ಅಮೆರಿಕದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳನ್ನು ಚಿತ್ರಿಸಿದರು. ಕಾವಲುಗಾರರ ಕಣ್ಣು ತಪ್ಪಿಸಲು ವೇಷ ಮರೆಸಿಕೊಂಡರು; ತಮ್ಮ ಕೋಟಿನ ಗುಂಡಿಗಳಿಂದಲೇ ಮಕ್ಕಳ ಎತ್ತರವನ್ನು ಅಳೆದುಕೊಂಡರು. ಬಾಲಕಾರ್ಮಿಕತೆಗೆ ಕಡಿವಾಣ ಹಾಕಿದ, ದೇಶಾದ್ಯಂತ ಅನ್ವಯಿಸುವ ಕಾನೂನು ನೆಲೆಗೊಂಡದ್ದು 1938ರಲ್ಲಿ. ಚಿತ್ರ ತಕ್ಷಣ ಬೀಗ ತೆರೆಯುವುದಿಲ್ಲ. ಬೀಗವಿದೆ ಎಂಬುದನ್ನು ಅಲ್ಲಗಳೆಯಲು ಬಿಡುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಸುಮಾರು 5 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರೆಲ್ಲ ಗಣಿಗಳಲ್ಲಿಲ್ಲ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೊರಟ ಭಾರತೀಯ ಯುವಕರು ಮ್ಯಾನ್ಮಾರ್‌ನ ಸೈಬರ್ ವಂಚನಾ ಕೇಂದ್ರಗಳಲ್ಲಿ ಬಂದಿಗಳಾದದ್ದು ಇತ್ತೀಚಿನ ಮಾತು.

ಆದ್ದರಿಂದ ವಿದೇಶಕ್ಕೆ ಹೊರಡುವವರಿಗೆ ನನ್ನ ವಿನಂತಿ: ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಪಾಸ್‌ಪೋರ್ಟನ್ನು ಮಾಲೀಕನ ವಶಕ್ಕೆ ಬಿಡಬೇಡಿ. ಅಮೆರಿಕದಲ್ಲಿ ಇಂಥ ಬಲೆಗೆ ಸಿಕ್ಕವರು 1-888-373-7888ಕ್ಕೆ ಕರೆ ಮಾಡಬಹುದು; ಕಾಗದಪತ್ರಗಳಿಲ್ಲದವರಿಗೂ 'ಟಿ ವೀಸಾ'ಕ್ಕೆ ಅರ್ಜಿ ಸಲ್ಲಿಸುವ ಅವಕಾಶವನ್ನು 2000ದ ಕಾನೂನು ಕಲ್ಪಿಸಿದೆ.

ಊರಿನಲ್ಲಿರುವ ಹಿರಿಯರೇ, ಮಗ ಕಳಿಸುವ ಫೋಟೊದಲ್ಲಿ ಕಟ್ಟಡದ ಅಂದ ನೋಡುವ ಮುನ್ನ ಅವನ ಮುಖ ನೋಡಿ. ಹಣ ಬಂತೇ ಎಂಬುದಕ್ಕಿಂತ ಮೊದಲು, ಹೊರಗೆ ಓಡಾಡಲು ಬಿಡುತ್ತಾರೆಯೇ ಎಂದು ಕೇಳಿ.