ಹಿತ್ತಲ ಶೆಡ್ಡಿನಲ್ಲಿ ಡಾರ್ಕ್‌ರೂಮ್: ನಂಬಿಕೆ ಯಾವುದು, ನಿಜ ಯಾವುದು?

ಫಿಲ್ಮ್ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಈಗ ಮತ್ತೆ ಕಾಣಸಿಗುತ್ತಾರೆ. ಬೆಂಗಳೂರಿನ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥವರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿದವರಿಗೆ ತಮ್ಮ ಫೋಟೋವನ್ನು ತಾವೇ ಪ್ರಿಂಟ್ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ. ಹಿತ್ತಲಲ್ಲಿ ಶೀಟು ಹೊದಿಸಿದ ಖಾಲಿ ಶೆಡ್ ಇದ್ದರೆ ಅದನ್ನು ಡಾರ್ಕ್‌ರೂಮ್ ಮಾಡಿಕೊಳ್ಳಲು ಏನೂ ಅಡ್ಡಿಯಿಲ್ಲ. ಆದರೆ ಸಿನಿಮಾ ನೋಡಿ, ಅವರಿವರ ಮಾತು ಕೇಳಿ ಮನಸ್ಸಿನಲ್ಲಿ ಕೂತ ಕೆಲವು ಕಲ್ಪನೆಗಳನ್ನು ಮೊದಲು ಬಿಡಬೇಕು.

ನಂಬಿಕೆ: ಕೆಂಪು ದೀಪವಿದ್ದರೆ ಏನನ್ನು ಬೇಕಾದರೂ ತೊಳೆಯಬಹುದು.

ಇಲ್ಲ. ಕಪ್ಪು ಬಿಳುಪಿನ ಫೋಟೋ ಕಾಗದ ಮುಖ್ಯವಾಗಿ ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ. ಕೆಂಪು ದೀಪದಡಿ ಅದು ಸುರಕ್ಷಿತವಾಗಿರುವುದು ಅದಕ್ಕೇ. ಇಂದಿನ ಫಿಲ್ಮುಗಳು ಬಹುಪಾಲು ಪ್ಯಾಂಕ್ರೊಮ್ಯಾಟಿಕ್. ಕೆಂಪನ್ನೂ ಸೇರಿಸಿ ಎಲ್ಲ ಬಣ್ಣದ ಬೆಳಕನ್ನೂ ಹಿಡಿಯುತ್ತವೆ. ಕೆಂಪು ದೀಪದಲ್ಲಿ ರೀಲ್ ಬಿಚ್ಚಿದರೆ ಅದು ಹಾಳಾದಂತೆಯೇ. ಅದಕ್ಕೆ ಬೇಕಾದದ್ದು ಪೂರ್ತಿ ಕತ್ತಲೆ. ಅದೂ ಫಿಲ್ಮನ್ನು ಸುರುಳಿಗೆ ಸುತ್ತಿ ಡೆವಲಪಿಂಗ್ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಮಾತ್ರ. ಆಮೇಲಿನ ಕೆಲಸವನ್ನು ಹಗಲು ಬೆಳಕಿನಲ್ಲೇ ಮಾಡಬಹುದು. ಸುತ್ತುವ ಕೆಲಸಕ್ಕೂ ಬೆಳಕು ನುಸುಳದ ಚೇಂಜಿಂಗ್ ಬ್ಯಾಗ್ ಸಾಕು. ಹಾಗಾಗಿ ನಿಮಗೆ ಶೆಡ್ ಬೇಕಿರುವುದು ಪ್ರಿಂಟಿಗೆ.

ಪ್ರಿಂಟಿಗೂ ಅಂಗಡಿಯ ಕೆಂಪು ಬಣ್ಣದ ಬಲ್ಬನ್ನು ಕಣ್ಣು ಮುಚ್ಚಿ ನಂಬಬೇಡಿ. ಅದರಿಂದ ಬೇರೆ ಬಣ್ಣದ ಬೆಳಕೂ ಸೋರಬಹುದು. ಪರೀಕ್ಷೆ ಸುಲಭ. ಸೇಫ್‌ಲೈಟ್ (ಅಂದರೆ ಈ ಕೆಂಪು ದೀಪ) ಆರಿಸಿ, ಕಾಗದದ ತುಂಡಿಗೆ ಎನ್ಲಾರ್ಜರ್‌ನಿಂದ (ನೆಗೆಟಿವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ತೆಳು ಬೂದು ಬರುವಷ್ಟು ಬೆಳಕು ಕೊಡಿ. ಅದರ ಮೇಲೆ ಒಂದು ನಾಣ್ಯವಿಟ್ಟು, ಸೇಫ್‌ಲೈಟ್ ಹಾಕಿ ಐದು ನಿಮಿಷ ಬಿಡಿ. ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಹಾಕಿದಾಗ ನಾಣ್ಯದ ಗುರುತು ತಿಳಿಯಾಗಿ ಮೂಡಿದರೆ ಆ ದೀಪ ಕೆಲಸಕ್ಕೆ ಬಾರದು. ಬದಲಿಸಿ, ಇಲ್ಲವೇ ಇನ್ನಷ್ಟು ದೂರ ಇಡಿ.

ನಂಬಿಕೆ: ಗೋಡೆಗೆಲ್ಲ ಕಪ್ಪು ಬಣ್ಣ ಬಳಿಯಬೇಕು, ಗಾಳಿಯೂ ನುಸುಳಬಾರದು.

ಎನ್ಲಾರ್ಜರ್ ಹಿಂದಿನ ಗೋಡೆ ಹೊಳಪಿಲ್ಲದ ಕಪ್ಪಾಗಿದ್ದರೆ ಸಾಕು. ಉಳಿದ ಕಡೆ ತಿಳಿ ಬಣ್ಣವೇ ಒಳ್ಳೆಯದು, ಸೇಫ್‌ಲೈಟಿನ ಬೆಳಕು ಹರಡಿ ಕೈಗೆ ಕೆಲಸ ಕಾಣುತ್ತದೆ. ಮುಚ್ಚಬೇಕಾದದ್ದು ಸಂದುಗಳನ್ನು. ನಡುಮಧ್ಯಾಹ್ನ ಬಾಗಿಲು ಹಾಕಿ ಹತ್ತು ನಿಮಿಷ ಒಳಗೆ ಕೂತು ನೋಡಿ. ಶೀಟಿನ ಅಲೆ ಗೋಡೆಗೆ ಕೂಡುವಲ್ಲಿ, ಬೋಲ್ಟಿನ ತೂತುಗಳಲ್ಲಿ, ಹೊಸ್ತಿಲ ಕೆಳಗೆ ಬೆಳಕಿನ ಗೆರೆಗಳು ಒಂದೊಂದಾಗಿ ಕಾಣತೊಡಗುತ್ತವೆ.

ಗಾಳಿ ಮಾತ್ರ ಆಡಲೇಬೇಕು. ಬೆಳಕು ನೇರ ಹೋಗುತ್ತದೆ, ಗಾಳಿ ತಿರುಗಿ ಹೋಗುತ್ತದೆ. ಒಳಗೆ ಕಪ್ಪು ಬಳಿದು ಎರಡು ತಿರುವು ಕೊಟ್ಟ ಡಬ್ಬಿಯಂಥ ಕಿಂಡಿಯಿಂದ ಗಾಳಿಯಷ್ಟೇ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಸ್ಟಾಪ್ ಬಾತ್ (ಡೆವಲಪರ್‌ನ ಕೆಲಸ ನಿಲ್ಲಿಸುವ ದ್ರಾವಣ), ಫಿಕ್ಸರ್ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಇವುಗಳ ವಾಸನೆ ಗಂಟೆಗಟ್ಟಲೆ ಕುಡಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ನಂಬಿಕೆ: ನಲ್ಲಿ ಇಲ್ಲದೆ ಡಾರ್ಕ್‌ರೂಮ್ ಇಲ್ಲ.

ಬಕೆಟ್ ಸಾಕು. ಫಿಕ್ಸ್ ಆದ ಪ್ರಿಂಟನ್ನು ಬಕೆಟ್ಟಿನ ನೀರಿಗೆ ಹಾಕಿಟ್ಟು, ಕೊನೆಯಲ್ಲಿ ಮನೆಯ ನಲ್ಲಿಯಡಿ ತೊಳೆಯಬಹುದು. ರೆಸಿನ್ ಲೇಪಿತ ಕಾಗದಕ್ಕೆ ಹರಿಯುವ ನೀರಿನಲ್ಲಿ ಸುಮಾರು 2 ನಿಮಿಷ ಸಾಕು. ಫೈಬರ್ ಕಾಗದಕ್ಕೆ ಬಹಳ ಹೆಚ್ಚು ಹೊತ್ತು ಬೇಕು. ನೀರಿಗಿಂತ ವಿದ್ಯುತ್ತಿನ ಬಗ್ಗೆ ಯೋಚಿಸಿ: ಟ್ರೇಗಳು ಒಂದು ಬದಿ, ಎನ್ಲಾರ್ಜರ್ ಇನ್ನೊಂದು ಬದಿ, ಸರಿಯಾದ ಅರ್ಥಿಂಗ್, ಸೋರಿಕೆಯಾದರೆ ತಾನೇ ಆಫ್ ಆಗುವ ಬ್ರೇಕರ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಲೇಬೇಡಿ.

ನಂಬಿಕೆ: ಕತ್ತಲಾಯಿತೆಂದರೆ ಶೆಡ್ ಸಿದ್ಧ.

ನಮ್ಮ ಊರುಗಳಲ್ಲಿ ಕತ್ತಲೆಗಿಂತ ದೊಡ್ಡ ತೊಡಕು ಸೆಕೆ. ಡೆವಲಪರ್‌ನ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲೋ ಮಂಗಳೂರಿನಲ್ಲೋ ಶೀಟಿನಡಿ ಟ್ರೇ ಇಟ್ಟರೆ ಆ ಲೆಕ್ಕ ಕೆಡುತ್ತದೆ. ಫಿಲ್ಮಿಗೆ ಹೊತ್ತು ಕಡಿಮೆ ಮಾಡಿ ಸರಿದೂಗಿಸಬಹುದು. 20 ಡಿಗ್ರಿಯಲ್ಲಿ 8 ನಿಮಿಷ ಬೇಕಾದದ್ದಕ್ಕೆ 24ರಲ್ಲಿ ಸುಮಾರು ಐದೂವರೆ ನಿಮಿಷ. 5 ನಿಮಿಷಕ್ಕಿಂತ ಕೆಳಗಿಳಿದರೆ ಕಲೆ ಕಲೆಯಾಗುವ ಅಪಾಯವಿದೆ. ಪ್ರಿಂಟಿಗಾದರೆ ಡೆವಲಪರ್ ಟ್ರೇಯನ್ನು ಮಂಜುಗಡ್ಡೆ ಹಾಕಿದ ದೊಡ್ಡ ಟ್ರೇಯೊಳಗೆ ಕೂರಿಸಿ, ಥರ್ಮಾಮೀಟರ್ ನೋಡುತ್ತಿರಿ. ರಾತ್ರಿ ಕೆಲಸ ಮಾಡುವುದೇ ಲೇಸು. ಸೆಕೆಯೂ ಇಳಿದಿರುತ್ತದೆ, ಸಂದಿನ ಬೆಳಕಿನ ಕಾಟವೂ ಇರುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನೂ ಕಾಗದವನ್ನೂ ಶೆಡ್ಡಿನಲ್ಲಿ ಬಿಡದೆ ಮನೆಯೊಳಗಿಡಿ.

ನಂಬಿಕೆ: ಡಾರ್ಕ್‌ರೂಮಿನ ರಾಸಾಯನಿಕ ಮುಟ್ಟಿದರೆ ಸಾವು. ಇನ್ನು ಕೆಲವರ ನಂಬಿಕೆ: ಉಪ್ಪುನೀರಿನಷ್ಟೇ ನಿರಪಾಯ, ಗಿಡದ ಬುಡಕ್ಕೆ ಸುರಿಯಬಹುದು.

ಎರಡೂ ತಪ್ಪು. ಹಲವು ಡೆವಲಪರ್‌ಗಳಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಚಿಮ್ಮಟ, ಕೈಗವಸು ಬಳಸಿದರೆ ಆ ಭಯ ಬಹುಮಟ್ಟಿಗೆ ತಪ್ಪುತ್ತದೆ. ನನ್ನ ನಿಜವಾದ ಆತಂಕ ಬಳಸಿದ ಫಿಕ್ಸರ್ ಬಗ್ಗೆ. ಕಾಗದ, ಫಿಲ್ಮಿನಿಂದ ಕರಗಿದ ಬೆಳ್ಳಿ ಅದರಲ್ಲಿರುತ್ತದೆ, ಅದು ನೀರಿನ ಜೀವಿಗಳಿಗೆ ಹಾನಿಕರ. ಹಳೆ ಫಿಕ್ಸರ್‌ನಲ್ಲಿ ಕಬ್ಬಿಣದ ಉಣ್ಣೆ ಕೆಲವು ದಿನ ಮುಳುಗಿಸಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಇದಕ್ಕೆ ಆಗದು, ತುಕ್ಕು ಹಿಡಿಯುವ ಉಣ್ಣೆಯೇ ಬೇಕು.

ಇದಾವುದೂ ಆಗದಿದ್ದರೆ ಬಳಸಿದ ಫಿಕ್ಸರನ್ನು ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ತಲುಪಿಸಿ. ಹಿತ್ತಲ ಬಾವಿಯ ಹತ್ತಿರ, ಇಂಗುಗುಂಡಿಗೆ ದಯವಿಟ್ಟು ಸುರಿಯಬೇಡಿ.