ಎಂಜಿನ್ ಸೋತಾಗ ಕಾಯುವುದು ವೇಗ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ಪುಟ್ಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಬಳಿ ಹೊಲಕ್ಕಿಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಇದನ್ನು ಅದೃಷ್ಟವೆಂದು ಕೈಬಿಡುವಂತಿಲ್ಲ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆ. ಎಂಜಿನ್ ಕೆಲಸ ಆ ರೆಕ್ಕೆಗೆ ಬೇಕಾದ ವೇಗ ಒದಗಿಸುವುದಷ್ಟೆ. ಎಂಜಿನ್ ನಿಂತರೆ ಮೂತಿಯನ್ನು ತುಸು ತಗ್ಗಿಸಿ, ಎತ್ತರವನ್ನು ಖರ್ಚು ಮಾಡಿ ವೇಗ ಉಳಿಸಿಕೊಳ್ಳಬಹುದು. ಸೆಸ್ನಾ 172 ಮಾದರಿಯ ವಿಮಾನ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ತೇಲಿದರೆ, ಇಳಿದ ಎತ್ತರದ ಸುಮಾರು ಒಂಬತ್ತು ಪಟ್ಟು ದೂರ ಕ್ರಮಿಸುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ನೆತ್ತಿಯ ಮೇಲೆ ಒಂದೂವರೆ ಕಿ.ಮೀ. ಎತ್ತರದಲ್ಲಿ ಎಂಜಿನ್ ಕೈಕೊಟ್ಟರೂ, ಎದುರುಗಾಳಿ ಇಲ್ಲದಿದ್ದರೆ ಶ್ರವಣಬೆಳಗೊಳದವರೆಗೆ ಸಾಗಬಹುದು.

ಎಂಜಿನ್ ಸೊರಗಲು ಯಂತ್ರ ಮುರಿಯಲೇಬೇಕೆಂದಿಲ್ಲ. ಇಂಧನ ಖಾಲಿಯಾಗಬಹುದು, ಅದರಲ್ಲಿ ನೀರು ಸೇರಿರಬಹುದು. ಇಂಧನ, ಗಾಳಿ ಬೆರೆಯುವ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ಎಷ್ಟು ತಣ್ಣಗಾಗುತ್ತದೆಂದರೆ, ಹೊರಗೆ 25 ಡಿಗ್ರಿ ಸೆಲ್ಸಿಯಸ್ ಇದ್ದರೂ ತೇವ ಮಂಜುಗಟ್ಟಿ ಗಾಳಿಯ ದಾರಿ ಕಟ್ಟಿಕೊಳ್ಳಬಹುದು. ಅರಕಲಗೂಡಿನ ಮಳೆಗಾಲಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ಎಂಜಿನ್ನಿನ ಬಿಸಿಗಾಳಿಯನ್ನು ಕಾರ್ಬ್ಯುರೇಟರ್‌ನತ್ತ ತಿರುಗಿಸುವ ಹಿಡಿ ಇರುವುದು ಇದಕ್ಕಾಗಿಯೇ. ಜೊತೆಗೆ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಹತ್ತರಲ್ಲೊಂದು ಪಾಲು ಶಕ್ತಿಯನ್ನು ನೆಲದಲ್ಲೇ ಕಳೆದುಕೊಂಡಿರುತ್ತದೆ.

ಹಾಗಿದ್ದರೆ ಜನ ಸಾಯುವುದೇಕೆ? ಹಾರಿದ ಕೂಡಲೇ ಎಂಜಿನ್ ಸೋತರೆ ಎತ್ತರವೇ ಇರುವುದಿಲ್ಲ, ಮನಸ್ಸು ಮಾತ್ರ ಬಿಟ್ಟುಬಂದ ರನ್‌ವೇಯತ್ತ ಎಳೆಯುತ್ತದೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗಿದರೆ, ರೆಕ್ಕೆ ಹಿಡಿತ ತಪ್ಪುವ ವೇಗ ಶೇ. 19ರಷ್ಟು ಏರುತ್ತದೆ. ಗಾಬರಿಯಲ್ಲಿ ಮೂತಿ ಎತ್ತಿದರೆ ವಿಮಾನ ಸುತ್ತಿಕೊಂಡು ಬೀಳುತ್ತದೆ. ಆದ್ದರಿಂದಲೇ ಕಡಿಮೆ ಎತ್ತರದಲ್ಲಿದ್ದಾಗ ಹೆಚ್ಚುಕಡಿಮೆ ನೇರಕ್ಕೆ, ಸಿಕ್ಕ ಬಯಲಿನಲ್ಲಿ ಇಳಿಯಿರಿ ಎಂದು ಕಲಿಸುತ್ತಾರೆ. ಎದುರಿಗೆ ಬಯಲೇ ಇಲ್ಲದಿದ್ದರೆ ಎಂಬ ಆಕ್ಷೇಪ ನ್ಯಾಯವಾದುದೇ. ಚನ್ನರಾಯಪಟ್ಟಣದ ತೆಂಗಿನ ತೋಟ ರೆಕ್ಕೆ ಮುರಿಯುತ್ತದೆ. ಹೊಳೆನರಸೀಪುರದ ಕೆಸರುಗದ್ದೆಯಲ್ಲಿ ಮುಂಗಾಲಿ ಹೂತು ವಿಮಾನ ಮಗುಚಬಹುದು. ಕೊಯ್ಲಾದ ರಾಗಿ ಹೊಲದಲ್ಲಿ ಸಾಲಿನ ಗುಂಟ ಇಳಿದರೆ ಬದುಕುವ ಸಾಧ್ಯತೆ ಹೆಚ್ಚು. ಎರಡು ಎಂಜಿನ್ ಇದ್ದರಾಯಿತು ಎಂಬ ಪರಿಹಾರವೂ ಅರ್ಧವಷ್ಟೆ: ಒಂದು ನಿಂತಾಗ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ, ವೇಗ ತಗ್ಗಿದ್ದರೆ ಉರುಳಿಸಿಯೇಬಿಡುತ್ತದೆ. ಹಾಸನದ ಭುವನಹಳ್ಳಿಯಂಥ ಕಡೆ ನಿಲ್ದಾಣ ಕಟ್ಟುವಾಗ ರನ್‌ವೇಯ ಉದ್ದದಷ್ಟೇ ಅದರಾಚೆಯ ನೆಲದ ಬಗ್ಗೆಯೂ ಯೋಚಿಸಬೇಕು. ಅಲ್ಲಿ ಬಡಾವಣೆ ಏಳದಂತೆ ನೋಡಿಕೊಳ್ಳುವುದು ಎಂಜಿನ್ ರಿಪೇರಿಯಷ್ಟೇ ಮುಖ್ಯವಾದ ಸುರಕ್ಷತಾ ಕೆಲಸ.